ಕರೆಂಟ್ ಹೋದ ಮೇಲಿನ ಮಾತು: ಎಂಟನೆಯ ತರಗತಿಯ ವಿಜ್ಞಾನ ಪಾಠದಲ್ಲಿ ಮಕ್ಕಳಿಂದ ನಾಟಕ ಬರೆಸಿದ ಅನುಭವ

ನಮ್ಮ ಎರಡು ವರ್ಷದ ಬಿ.ಇಡಿ. ವ್ಯಾಸಂಗದಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ವಿಷಯವಿದೆ. ಬಿ.ಎಸ್ಸಿ. ಮುಗಿಸಿ ಬಂದ ನನ್ನಂಥವರು ಅದನ್ನು ಮನಸ್ಸಿನಲ್ಲೇ ಕನ್ನಡ ಬೋಧನೆಯ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬಿಟ್ಟುಕೊಟ್ಟಿರುತ್ತೇವೆ. ಒಂದು ಮುಖವಾಡ, ಒಂದು ಬೀದಿ ನಾಟಕ, ನಾಲ್ಕು ಫೋಟೊ, ಒಂದು ವರದಿ. ಅಷ್ಟಕ್ಕೆ ಅದು ಮುಗಿಯುತ್ತದೆ. ನಾನೂ ಹಾಗೆಯೇ ಮುಗಿಸಿದ್ದೆ. ತೇರದಾಳದ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ಎಂಟನೆಯ ತರಗತಿಯ ‘ಶಬ್ದ’ ಪಾಠ ನನ್ನ ಪಾಲಿಗೆ ಬಂತು. ಆ ಪಾಠದಲ್ಲಿ ನಾಟಕವನ್ನು ಎರಡು ಸಲ ಬಳಸಿದೆ. ಮೊದಲ ಸಲ ನಾನು ಬರೆದೆ, ಮಕ್ಕಳು ಆಡಿದರು. ಎರಡನೆಯ ಸಲ ಮಕ್ಕಳು ಬರೆದರು, ನಾನು ಕೇಳಿದೆ. ಈ ಎರಡರ ನಡುವೆ ನಾನು ಕಂಡ ವ್ಯತ್ಯಾಸವನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಮಕ್ಕಳ ಹೆಸರನ್ನು ಬೇಕೆಂದೇ ಹೇಳಿಲ್ಲ. ಅದರ ಕಾರಣ ಮುಂದೆ ತಿಳಿಯುತ್ತದೆ.

ನಾನು ಬರೆದ ನಾಟಕ

ನನ್ನ ಮೊದಲ ನಾಟಕದ ಹೆಸರು ‘ಶಬ್ದರಾಜನ ದರ್ಬಾರು’. ರಾಜ ಸಿಂಹಾಸನದಲ್ಲಿ ಕೂತಿರುತ್ತಾನೆ. ಕಂಪನ, ಆವೃತ್ತಿ, ಪಾರ, ಮಾಧ್ಯಮ ಎಂಬ ಮಂತ್ರಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ಆವೃತ್ತಿ ಬಂದು “ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯೇ ನಾನು, ನನ್ನ ಏಕಮಾನ ಹರ್ಟ್ಸ್” ಎನ್ನುತ್ತದೆ. ಮಾಧ್ಯಮ ಬಂದು “ನಾನಿಲ್ಲದೆ ಶಬ್ದ ಚಲಿಸದು” ಎನ್ನುತ್ತದೆ. ರಟ್ಟಿನ ಕಿರೀಟ ಕತ್ತರಿಸಿ ಬಣ್ಣ ಹಚ್ಚಲು ಎರಡು ರಾತ್ರಿ ಹಿಡಿಯಿತು. ಮಕ್ಕಳು ಮಾತುಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿದರು. ತರಗತಿ ಚಪ್ಪಾಳೆ ತಟ್ಟಿತು. ಪಾಠ ಗೆದ್ದಿತು ಎಂದುಕೊಂಡೆ.

ಮರುದಿನ ಒಂದು ಸಣ್ಣ ಪ್ರಶ್ನೆ ಕೊಟ್ಟೆ: “ಗಾಳಿ ಸ್ವಲ್ಪವೂ ಬೀಸದ ದಿನ ಗುಡಿಯ ಗಂಟೆ ಬಾರಿಸಿದರೆ ಶಬ್ದ ನಿಮಗೆ ಕೇಳುತ್ತದೆಯೇ? ಕಾರಣ ಕೊಡಿ.” ಹೆಚ್ಚಿನವರು “ಕೇಳುವುದಿಲ್ಲ” ಎಂದು ಬರೆದಿದ್ದರು. ಕಾರಣವಾಗಿ ನನ್ನ ನಾಟಕದ ಮಾತನ್ನೇ ಕೊಟ್ಟಿದ್ದರು: ಮಾಧ್ಯಮವಿಲ್ಲದೆ ಶಬ್ದ ಚಲಿಸದು. ಗಾಳಿ ಇರುವುದು ಬೇರೆ, ಗಾಳಿ ಬೀಸುವುದು ಬೇರೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ನನ್ನ ನಾಟಕ ಅದನ್ನು ಕೇಳಿಯೂ ಇರಲಿಲ್ಲ. ಮಾಧ್ಯಮದ ಪಾತ್ರ ಮಾಡಿದ ಹುಡುಗನೂ ಹಾಗೆಯೇ ಬರೆದಿದ್ದ.

ಪಾಠ ವೀಕ್ಷಿಸಿದ ನಮ್ಮ ಮೇಲ್ವಿಚಾರಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: “ಮಕ್ಕಳು ನಿಮ್ಮ ಮಾತನ್ನು ನಿಮಗೇ ಒಪ್ಪಿಸಿದರು.” ಅಂದು ಬೇಸರವಾಯಿತು. ಆಮೇಲೆ ಬಿ.ವಿ. ಕಾರಂತರ ‘ಪಂಜರ ಶಾಲೆ’ ನೆನಪಾಯಿತು. ರವೀಂದ್ರನಾಥ ಟಾಗೋರರ ಗಿಳಿಯ ಕಥೆಯನ್ನು ಆಧರಿಸಿದ ಆ ಮಕ್ಕಳ ನಾಟಕದಲ್ಲಿ ಗಿಳಿಗೆ ವಿದ್ಯೆ ಕಲಿಸಲೆಂದು ಪುಸ್ತಕದ ಹಾಳೆಗಳನ್ನೇ ಅದರ ಬಾಯಿಗೆ ತುರುಕುತ್ತಾರೆ. ನಾನು ಹಾಳೆಗೆ ಬಣ್ಣ ಹಚ್ಚಿ ತುರುಕಿದ್ದೆ.

ಭಾಗವತನ ಪ್ರಶ್ನೆ

ಎರಡನೆಯ ಸಲ ಮಕ್ಕಳಿಂದಲೇ ಬರೆಸಬೇಕೆಂದು ನಿರ್ಧರಿಸಿದೆ. ಆದರೆ “ಒಂದು ನಾಟಕ ಬರೆಯಿರಿ” ಎಂದರೆ ಎಂಟನೆಯ ತರಗತಿಯ ಮಗು ಏನು ಮಾಡಬೇಕು? ಎಲ್ಲಿಂದ ಶುರು ಮಾಡಬೇಕು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಶ್ರೀಕೃಷ್ಣ ಪಾರಿಜಾತದಲ್ಲಿ.

ತೇರದಾಳ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ, ಗೋಕಾಕ ಸೀಮೆಯವರಿಗೆ ಪಾರಿಜಾತದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಪರಾಳ ತಮ್ಮಣ್ಣನ ಕೃತಿ, ಅದನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ, ಊರೂರಿಗೆ ಕೊಂಡೊಯ್ದ ಕೌಜಲಗಿ ನಿಂಗಮ್ಮ, ಮುಧೋಳ ತಾಲೂಕಿನ ಲೋಕಾಪುರದ ಕಲಾವಿದರು, ಇವೆಲ್ಲ ಇಲ್ಲಿಯ ಹಿರಿಯರ ಬಾಯಲ್ಲಿವೆ. ಮಕ್ಕಳಲ್ಲಿ ಕೆಲವರು ಜಾತ್ರೆಯಲ್ಲಿ ನೋಡಿದ್ದರು. ಇನ್ನು ಕೆಲವರು ಅಜ್ಜನ ಮೊಬೈಲಿನಲ್ಲಿ ನೋಡಿದ್ದರು.

ಈ ಆಟದ ಎರಡು ಗುಣಗಳು ನನ್ನ ಕೆಲಸಕ್ಕೆ ಬಂದವು. ಮೊದಲನೆಯದು, ಹಾಡು ಕಟ್ಟಿಟ್ಟದ್ದಾದರೂ ನಡುವಿನ ಮಾತನ್ನು ಕಲಾವಿದರು ಅಲ್ಲಲ್ಲೇ, ತಮ್ಮ ಆಡುಮಾತಿನಲ್ಲಿ ಕಟ್ಟಿಕೊಳ್ಳುತ್ತಾರೆ. ಎರಡನೆಯದು, ರಂಗಕ್ಕೆ ಬಂದ ಪಾತ್ರವನ್ನು ಭಾಗವತ ಸುಮ್ಮನೆ ಬಿಡುವುದಿಲ್ಲ. ಯಾರು ನೀನು, ಎಲ್ಲಿಂದ ಬಂದೆ, ಯಾವ ಕಾರಣಕ್ಕೆ ಬಂದೆ ಎಂದು ಕೇಳುತ್ತಾನೆ. ಉತ್ತರ ಅರೆಬರೆಯಾದರೆ ಮತ್ತೆ ಕೆದಕುತ್ತಾನೆ. ವಿಜ್ಞಾನದ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಗಾರ ಬೇಕೆ? ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ ಶಿಕ್ಷಕರೇ ಒಂದು ಪಾತ್ರವಾಗಿ ಮಕ್ಕಳ ನಡುವೆ ನಿಂತು ಪ್ರಶ್ನೆ ಕೇಳುವ ವಿಧಾನವನ್ನು ಬೆಳೆಸಿದರು ಎಂದು ನಾವು ಸಿದ್ಧಾಂತದ ತರಗತಿಯಲ್ಲಿ ಓದಿದ್ದೇವೆ. ಅದೇ ಕೆಲಸ ಮಾಡುವ ಪಾತ್ರ ನಮ್ಮೂರ ಆಟದಲ್ಲೇ ಇದೆ ಎಂದು ನನಗೆ ಹೊಳೆದದ್ದು ತಡವಾಗಿ.

ನಾಲ್ಕು ಅವಧಿಗಳ ಯೋಜನೆ

ತಲಾ 40 ನಿಮಿಷದ ನಾಲ್ಕು ಅವಧಿಗಳನ್ನು ಹೀಗೆ ಹಂಚಿಕೊಂಡೆ.

ಮೊದಲ ಅವಧಿ, ಪಾತ್ರ ಹುಟ್ಟಿಸುವುದು. ಆರಾರು ಮಕ್ಕಳ ಗುಂಪು. ಪ್ರತಿ ಗುಂಪೂ ಪಾಠದೊಳಗಿನ ಒಂದು ಸಂಗತಿಯನ್ನು ಆರಿಸಿಕೊಂಡು ಮೂರು-ನಾಲ್ಕು ಪಾತ್ರ ಮಾಡಬೇಕು. ನಾನು ಭಾಗವತಳಾಗಿ ಪ್ರತಿ ಪಾತ್ರಕ್ಕೂ ನಾಲ್ಕು ಪ್ರಶ್ನೆ ಕೇಳಿದೆ: ನೀ ಯಾರು? ಎಲ್ಲಿಂದ ಬಂದಿ? ನಿನಗೇನು ಬೇಕಾಗೈತಿ? ನಿನಗ ಅಡ್ಡ ಯಾರದಾರ? ಉತ್ತರವಿಲ್ಲದ ಪಾತ್ರ ಹೊರಗೆ ಹೋಗಬೇಕು. ಈ ಜರಡಿಯಲ್ಲಿ ಹಲವು ಪಾತ್ರಗಳು ತಾವಾಗಿ ಉದುರಿದವು. ‘ಡೆಸಿಬೆಲ್’ ಎಂಬ ಪಾತ್ರಕ್ಕೆ ಏನೂ ಬೇಕಾಗಿರಲಿಲ್ಲ, ಹಾಗಾಗಿ ಅದು ಮನೆಗೆ ಹೋಯಿತು.

ಎರಡನೆಯ ಅವಧಿ, ಬರೆಯುವುದು. ನಿಯಮಗಳು ನಾಲ್ಕೇ. ಪುಸ್ತಕದ ವಾಕ್ಯವನ್ನು ಯಾವ ಪಾತ್ರವೂ ಇದ್ದಂತೆಯೇ ಹೇಳಬಾರದು. ಕನಿಷ್ಠ ಒಂದು ಪಾತ್ರ ತಪ್ಪು ತಿಳಿದಿರಬೇಕು, ಆದರೆ ಅದು ಪೆದ್ದನಾಗಿರಬಾರದು, ಹಾಗೆ ತಿಳಿಯಲು ಅದಕ್ಕೊಂದು ಕಾರಣ ಇರಬೇಕು. ಕೊನೆಯಲ್ಲಿ ಉಪದೇಶ ಕೂಡದು. ಮನೆಯ ಮಾತಿನಲ್ಲಿ ಬರೆಯಬಹುದು.

ಮೂರನೆಯ ಅವಧಿ, ತಿದ್ದುವುದು. ಒಂದು ಗುಂಪಿನ ಬರಹವನ್ನು ಇನ್ನೊಂದು ಗುಂಪು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದಿ, “ಈ ಮಾತು ಹೌದೇ?” ಎಂಬಲ್ಲಿ ಗೆರೆ ಎಳೆಯಬೇಕು.

ನಾಲ್ಕನೆಯ ಅವಧಿ, ಕೂತು ಓದುವುದು. ವೇಷವಿಲ್ಲ, ರಂಗವಿಲ್ಲ, ಬಾಯಿಪಾಠವಿಲ್ಲ.

5ಇ ಮಾದರಿಯ ಪಾಠಯೋಜನೆಯಲ್ಲಿ ಇದನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಬರುತ್ತದೆ. ರಬ್ಬರ್‌ಬ್ಯಾಂಡ್, ಲೋಹದ ತಟ್ಟೆ, ನೀರಿನ ಬಟ್ಟಲು ಮುಂತಾದ ಪ್ರಯೋಗಗಳೆಲ್ಲ ಮುಗಿದ ಮೇಲೆ, ‘ವಿಸ್ತರಣೆ’ಯ ಹಂತದಲ್ಲಿ ನಾನು ಇಟ್ಟುಕೊಂಡೆ. ಪ್ರಯೋಗದ ಬದಲಿಗೆ ನಾಟಕ ಇಡಬಾರದು. ಕೈಯಿಂದ ಮಾಡಿ ನೋಡದ ಮಗುವಿಗೆ ಬರೆಯಲು ಏನೂ ಇರುವುದಿಲ್ಲ.

ಗಾಳಿಯ ತಕರಾರು

ಒಂದು ಗುಂಪು ತೇರದಾಳದ ಪ್ರಭುಸ್ವಾಮಿ ಗುಡಿಯ ಗಂಟೆಯನ್ನು ಆರಿಸಿಕೊಂಡಿತು. ಅವರ ಮೊದಲ ಪ್ರತಿಯಲ್ಲಿ ಹೀಗಿತ್ತು:

ಭಾಗವತ: ಯಾರಪಾ ನೀ? ಎಲ್ಲಿಂದ ಬಂದಿ?
ಶಬ್ದ: ನಾ ಶಬ್ದ. ಪ್ರಭುಸ್ವಾಮಿ ಗುಡಿ ಗಂಟಿಯಿಂದ ಹೊಂಟೇನಿ.
ಭಾಗವತ: ನಡಕೋತ ಬಂದ್ಯೋ, ಗಾಡಿ ಹತ್ತಿ ಬಂದ್ಯೋ?
ಶಬ್ದ: ಗಾಳಿ ಹೆಗಲ ಮ್ಯಾಲೆ ಕುಂತ ಬಂದೇನಿ.

ಮುಂದಿನ ಮಾತು ಗಾಳಿಯದು. ಅಲ್ಲಿ ಗುಂಪು ಸಿಕ್ಕಿಬಿತ್ತು. ಶಬ್ದವನ್ನು ಹೊತ್ತು ಗುಡಿಯಿಂದ ಶಾಲೆಯವರೆಗೆ ಬಂದ ಗಾಳಿ ಆಮೇಲೆ ಎಲ್ಲಿಗೆ ಹೋಗುತ್ತದೆ? ವಾಪಸು ಹೋಗುತ್ತದೆಯೇ? ಗಂಟೆ ಹತ್ತು ಸಲ ಬಾರಿಸಿದರೆ ಹತ್ತು ಸಲ ಬರುತ್ತದೆಯೇ? ಬರುವಾಗ ಗುಡಿಯ ಊದುಬತ್ತಿಯ ವಾಸನೆಯನ್ನೂ ತರಬೇಕಲ್ಲವೇ? ಈ ಕೊನೆಯ ಪ್ರಶ್ನೆ ಕೇಳಿದವಳು ಯಾವತ್ತೂ ಕೈ ಎತ್ತದ ಹುಡುಗಿ. ಅರ್ಧ ಅವಧಿ ವಾದ ನಡೆಯಿತು. ನಾನು ಉತ್ತರ ಹೇಳಲಿಲ್ಲ. ಆರು ಮಕ್ಕಳನ್ನು ಸಾಲಾಗಿ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿ ಮೊದಲಿನವನನ್ನು ಮೆಲ್ಲಗೆ ದಬ್ಬಿದೆ, ಅಷ್ಟೇ. ಕೊನೆಯವನು ಅಲುಗಿದ. ಮೊದಲಿನವನು ನಿಂತಲ್ಲೇ ಇದ್ದ. ಅವರು ಬರೆದ ಮಾತು ಇದು:

ಗಾಳಿ: ಸುಳ್ಳ ಹೇಳಬ್ಯಾಡ! ನಾ ಎಲ್ಲಿ ಬಂದೇನಿ? ನಾ ನಿಂತಲ್ಲೇ ನಿಂತೇನಿ. ಮಗ್ಗಲದಾಂವಗ ಒಂದ ಸಲ ದಬ್ಬಿದೆ, ತಿರುಗಿ ನನ್ನ ಜಾಗಾಕ್ಕ ಬಂದೆ, ಅಷ್ಟ.

ಮಾಧ್ಯಮದ ಕಣಗಳು ತಮ್ಮ ಸ್ಥಾನದಲ್ಲೇ ಕಂಪಿಸುತ್ತವೆ, ಮುಂದಕ್ಕೆ ಸಾಗುವುದು ಕ್ಷೋಭೆ ಮಾತ್ರ ಎಂಬುದನ್ನು ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ವಿವರವಾಗಿ ಓದುತ್ತಾರೆ. ಈ ಮಕ್ಕಳು ಅದನ್ನು ಎಂಟರಲ್ಲೇ ಕಂಡುಕೊಂಡರು. ಕಾರಣ ಸರಳವಾಗಿದೆ: ಗಾಳಿಗೆ ಒಂದು ಮಾತು ಬರೆಯಲೇಬೇಕಿತ್ತು. ನನ್ನ ನಾಟಕದ ಮಾಧ್ಯಮ ತನ್ನ ವ್ಯಾಖ್ಯೆ ಹೇಳಿ ಬದಿಗೆ ಸರಿದಿತ್ತು. ಇವರ ಗಾಳಿ ಎದುರಿನವನ ಮಾತಿಗೆ ಉತ್ತರ ಕೊಡಬೇಕಾಗಿ ಬಂತು. ಉತ್ತರ ಕೊಡಬೇಕಾದಾಗ, ಬರೆಯುವವರು ಎರಡೂ ಕಡೆಯಿಂದ ಯೋಚಿಸಲೇಬೇಕು.

ನಗೆ

ಇನ್ನೊಂದು ಗುಂಪು ಹಾಸ್ಯ ಬರೆಯಿತು. ನಮ್ಮ ನಾಟಕಗಳಲ್ಲಿ ಕಿವುಡನ ಹಾಸ್ಯ ಹಳೆಯದು, ಮಕ್ಕಳಿಗೆ ಅದು ಗೊತ್ತು. ಮೊಮ್ಮಗ “ನಾಳೆ ಶಾಲಿಗೆ ಬಾ” ಎನ್ನುತ್ತಾನೆ, ಅಜ್ಜ “ಲಾಳಿಗೆ ಏನಾಗೈತಿ?” ಎನ್ನುತ್ತಾನೆ. ನೇಕಾರರ ಊರಿನ ಮಕ್ಕಳಿಗೆ ಶಾಲಿ-ಲಾಳಿ ಎಂಬ ಜೋಡಿ ಹೊಳೆದದ್ದು ಸಹಜ. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಕಿಟಕಿಯ ಬದಿಯ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ನಗಲಿಲ್ಲ. ಅದನ್ನು ಗಮನಿಸಿದ್ದು ನಾನಲ್ಲ, ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಸಹಪಾಠಿ ವೀಕ್ಷಕಿ. ಅವಳ ಟಿಪ್ಪಣಿ ಇಲ್ಲದಿದ್ದರೆ ಮುಂದಿನದು ನನಗೆ ಅರ್ಥವಾಗುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಶಬ್ದ ಮಾಲಿನ್ಯದ ಪರಿಣಾಮಗಳನ್ನು ಬರೆಯಿರಿ ಎಂದರೆ ಈ ತರಗತಿಯ ಬಹುತೇಕ ಮಕ್ಕಳು ನಿದ್ರಾಹೀನತೆ, ರಕ್ತದೊತ್ತಡ, ಕಿವುಡುತನ ಎಂದು ಸರಿಯಾಗಿ ಬರೆಯುತ್ತಿದ್ದರು. ಸಾಮಾನ್ಯ ಮಾತುಕತೆ 60 ಡೆಸಿಬೆಲ್, ವಾಹನ ದಟ್ಟಣೆ 70, ಕಾರ್ಖಾನೆ 80 ಎಂಬ ಪುಸ್ತಕದ ಕೋಷ್ಟಕವೂ ಅವರ ಬಾಯಲ್ಲಿತ್ತು. ಅದೇ ಮಕ್ಕಳು ಮಗ್ಗದ ಮನೆಯ ಕಿವುಡಜ್ಜನನ್ನು ಕಂಡು ನಕ್ಕರು. ಪುಸ್ತಕದ ಕಿವುಡುತನಕ್ಕೂ ಪಕ್ಕದ ಮನೆಯ ಕಿವುಡುತನಕ್ಕೂ ಸಂಬಂಧವಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕರೆಂಟ್ ಹೋದ ಮೇಲೆ

ಆ ಹುಡುಗಿಯ ಗುಂಪಿನ ನಾಟಕ ಪಾವರ್‌ಲೂಮ್ ಇರುವ ಮನೆಯಲ್ಲಿ ನಡೆಯುತ್ತದೆ. ಅಪ್ಪ ಮಗ್ಗದ ಮುಂದೆ ನಿಂತಿದ್ದಾನೆ, ಅವ್ವ ಕಂಡಿಕಿ ಸುತ್ತುತ್ತಿದ್ದಾಳೆ. ಮಗಳು ಶಾಲೆಯಿಂದ ಬಂದು ಪಾಲಕರ ಸಭೆಯ ವಿಷಯ ಹೇಳಬೇಕು. ಮಗ್ಗದ ಸಪ್ಪಳದಲ್ಲಿ ಅವಳ ಮಾತು ಅಪ್ಪನಿಗೆ ಕೇಳುವುದಿಲ್ಲ. ಮೂರು ಸಲ ಕೂಗುತ್ತಾಳೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮಗ್ಗ ನಿಲ್ಲುತ್ತದೆ.

ಅಲ್ಲಿಗೆ ಬರಹ ನಿಂತಿತ್ತು. ಪುಟದ ಅರ್ಧ ಖಾಲಿ. ಹುಡುಗಿ ನನ್ನನ್ನು ಕರೆದು ಕೇಳಿದಳು:

“ಟೀಚರ್, ಕರೆಂಟ್ ಹೋದ ಮ್ಯಾಲೆ ಅಪ್ಪಗ ಕೇಳಸಬೇಕೋ ಬ್ಯಾಡೋ?”

“ನೀ ಏನ ಅಂತೀ?” ಎಂದೆ.

“ಪುಸ್ತಕದಾಗ ನೋಡಿದ್ರ ಕೇಳಸಬೇಕ್ರಿ. ಮನ್ಯಾಗ ನೋಡಿದ್ರ ಕೇಳಸಂಗಿಲ್ಲ.”

ನಾನು ತಕ್ಷಣ ಉತ್ತರಿಸಲಿಲ್ಲ. ನನಗೆ ಉತ್ತರ ಪೂರ್ತಿ ಗೊತ್ತಿರಲೂ ಇಲ್ಲ. “ನಾಳೆ ನೋಡೂಣು” ಎಂದು ಹೇಳಿ ಸಂಜೆ ಕೋಣೆಗೆ ಹೋಗಿ ಓದಿದೆ. ಓದಿದಂತೆ, ಅವಳ ಪ್ರಶ್ನೆ ಎಷ್ಟು ನಿಖರವಾದದ್ದೆಂದು ತಿಳಿಯಿತು. ಅವಳು ಕೇಳಿದ್ದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿದ್ದವು.

ಒಂದು, ದೊಡ್ಡ ಸಪ್ಪಳವು ಸಣ್ಣ ದನಿಯನ್ನು ಮುಚ್ಚಿಹಾಕುವುದು. ಇದು ಸಪ್ಪಳ ಇರುವಷ್ಟು ಹೊತ್ತು ಮಾತ್ರ. ಮಗ್ಗ ನಿಂತ ಕೂಡಲೆ ಮಾತು ಕೇಳಬೇಕು. ಎರಡು, ವರ್ಷಗಟ್ಟಲೆ ದೊಡ್ಡ ಸಪ್ಪಳದಲ್ಲಿ ಇದ್ದುದರಿಂದ ಕಿವಿಗೇ ಆಗುವ ಹಾನಿ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಕಾಕ್ಲಿಯಾ ಇದೆ. ಅದರೊಳಗೆ ಕೂದಲಿನಂಥ ತುದಿಗಳಿರುವ ಸೂಕ್ಷ್ಮ ಕೋಶಗಳಿವೆ. ಕಂಪನವನ್ನು ನರಕ್ಕೆ ದಾಟಿಸುವುದು ಅವೇ. ಅತಿ ಸಪ್ಪಳಕ್ಕೆ ಈ ಕೋಶಗಳು ಸವೆದು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮಗ್ಗ ನಿಂತರೂ ಆ ಕಿವಿಗೆ ಮಾತು ಪೂರ್ತಿ ಬರುವುದಿಲ್ಲ. ಈ ಹಾನಿ ಸಾಮಾನ್ಯವಾಗಿ ಹೆಚ್ಚಿನ ಆವೃತ್ತಿಯ ಶಬ್ದಗಳಿಂದ ಶುರುವಾಗುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ ಆ ಭಾಗದಲ್ಲಿರುತ್ತದೆ. ಆದ್ದರಿಂದ ಯಾರೋ ಮಾತಾಡುತ್ತಿದ್ದಾರೆ ಎಂಬುದು ಕೇಳುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ಶಾಲಿ ಲಾಳಿಯಾಗುವುದು ಹೀಗೆಯೇ. ಹಾಸ್ಯದ ಗುಂಪು ತಿಳಿಯದೆಯೇ ಸರಿಯಾದ ಲಕ್ಷಣವನ್ನು ಬರೆದಿತ್ತು.

ಮರುದಿನ ಇಡೀ ತರಗತಿಗೆ ಕಿವಿಯ ಚಿತ್ರ ಬರೆದು ಇದನ್ನು ವಿವರಿಸಿದೆ. ಅವಳ ಮನೆಯ ಮಾತು ಎತ್ತಲಿಲ್ಲ. ಹುಡುಗಿ ತನ್ನ ಖಾಲಿ ಅರ್ಧ ಪುಟ ತುಂಬಿದಳು:

(ಕರೆಂಟ್ ಹೋಗತೈತಿ. ಮಗ್ಗ ನಿಂದರತಾವು.)
ಮಗಳು: ಅಪ್ಪಾ, ನಾಳೆ ಶಾಲ್ಯಾಗ ಸಭೆ ಐತಿ.
ಅಪ್ಪ: (ಜೋರಾಗಿ) ಆಂ?
ಮಗಳು: ಸಭೆ ಐತಿ, ಅಪ್ಪಾ.
ಅಪ್ಪ: ಮಗ್ಗ ಬಂದ್ ಆದ್ರೂ ನೀ ಯಾಕ ಸಣ್ಣ ದನಿಲೇ ಮಾತಾಡಾಕತ್ತಿ?
ಅವ್ವ: ಆಕಿ ಸಣ್ಣ ದನಿಲೇ ಮಾತಾಡಾಕತ್ತಿಲ್ಲ.

ಅವ್ವನ ಆ ಮಾತಿನ ಮೇಲೆ ಗುಂಪಿನವರು ಇನ್ನೇನೂ ಬರೆದಿರಲಿಲ್ಲ. ತಿದ್ದುವ ಅವಧಿಯಲ್ಲಿ ಮತ್ತೊಂದು ಗುಂಪು ಅಲ್ಲಿ ಗೆರೆ ಎಳೆದು “ಮುಂದ?” ಎಂದು ಬರೆಯಿತು.

ಮುಂದೇನು ಎಂಬ ಪ್ರಶ್ನೆ

‘ಮುಂದ’ ಏನು ಬರೆಯಬೇಕೆಂಬುದೇ ನಿಜವಾದ ವಿಜ್ಞಾನ ಪಾಠವಾಯಿತು. ಒಬ್ಬ “ಶಬ್ದ ಮಾಲಿನ್ಯ ನಿಲ್ಲಿಸೋಣ ಅಂತ ಬರಿ” ಎಂದ. ಅದೇ ಗುಂಪಿನ ಇನ್ನೊಬ್ಬ ಕೂಡಲೆ ಹೇಳಿದ: “ಮಗ್ಗ ಬಂದ್ ಮಾಡ್ರಿ ಅಂತ ಬರದ್ರ ಉಣ್ಣೂದೇನು?” ಇಬ್ಬರೂ ನೇಕಾರರ ಮನೆಯ ಮಕ್ಕಳು. ಉಪದೇಶ ಕೂಡದು ಎಂಬ ನಿಯಮವನ್ನು ನಾನು ಬರವಣಿಗೆಯ ಚಂದಕ್ಕೆ ಹಾಕಿದ್ದೆ. ಅದು ಇಲ್ಲಿ ಯೋಚನೆಯನ್ನು ಕಾಪಾಡಿತು. ಘೋಷಣೆ ಕೂಗಿ ಮುಗಿಸುವ ದಾರಿ ಇಲ್ಲದಿದ್ದಾಗ ಮಕ್ಕಳು ಬೇರೆ ದಾರಿ ಹುಡುಕಬೇಕಾಯಿತು.

ಗಿಡ ನೆಡುವುದು, ವಾಹನಕ್ಕೆ ಸೈಲೆನ್ಸರ್ ಹಾಕುವುದು ಮುಂತಾದ ಪುಸ್ತಕದ ಉಪಾಯಗಳು ಮಗ್ಗದ ಕೋಣೆಯೊಳಗೆ ನಡೆಯುವುದಿಲ್ಲ ಎಂದು ಅವರಿಗೇ ಗೊತ್ತಾಯಿತು. ನಾನು ಹಲಗೆಯ ಮೇಲೆ ಮೂರು ಪದ ಬರೆದೆ: ಮೂಲ, ದಾರಿ, ಕಿವಿ. ಸಪ್ಪಳ ಹುಟ್ಟುವಲ್ಲಿ ಏನು ಮಾಡಬಹುದು? ಲಾಳಿ ಬಡಿಯುವ ಕಡೆ ಸಡಿಲಾದ ಭಾಗ ಬಿಗಿ ಮಾಡುವುದು, ಎಣ್ಣೆ ಬಿಡುವುದು, ಮಗ್ಗದ ಕಾಲಿನ ಕೆಳಗೆ ರಬ್ಬರ್ ಹಾಕುವುದು. ದಾರಿಯಲ್ಲಿ? ಮಲಗುವ, ಓದುವ ಕೋಣೆಯನ್ನು ಮಗ್ಗದ ಗೋಡೆಯಿಂದ ದೂರ ಮಾಡುವುದು, ನಡುವೆ ಬಾಗಿಲು ಹಾಕುವುದು. ಕಿವಿಯಲ್ಲಿ? ಕಿವಿಗೆ ಇಡುವ ರಬ್ಬರ್ ಬಿರಡೆ ಅಥವಾ ಕಿವಿ ಮುಚ್ಚುವ ಸಾಧನ, ನಡುನಡುವೆ ಸಪ್ಪಳದಿಂದ ಹೊರಗೆ ಬರುವುದು, ಕಿವಿ ತೋರಿಸುವುದು. ಹತ್ತಿ ತುರುಕಿದರೆ ಸಾಕೇ ಎಂದು ಒಬ್ಬಳು ಕೇಳಿದಳು. ಸಾದಾ ಹತ್ತಿ ಬಹಳ ಕಡಿಮೆ ತಡೆಯುತ್ತದೆ, ಅದನ್ನು ನಂಬಬಾರದು ಎಂದು ಹೇಳಿದೆ.

ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮಿತಿ ಇದೆ, ವಾಸದ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ ಎಂದು ಹೇಳಿದಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆ ಹೀಗಿತ್ತು: “ನಮ್ಮದು ಮನಿನೋ ಕಾರ್ಖಾನಿನೋ, ಟೀಚರ್?” ಮನೆಯೊಳಗೇ ಮಗ್ಗ ಇರುವ ಊರಿನಲ್ಲಿ ಇದು ಸುಲಭದ ಪ್ರಶ್ನೆಯಲ್ಲ. ಅದನ್ನು ಅವನು ತನ್ನ ಗುಂಪಿನ ನಾಟಕದೊಳಗೆ ಭಾಗವತನ ಬಾಯಲ್ಲಿ ಇಟ್ಟ. ಮೊಬೈಲಿನ ಆ್ಯಪ್‌ನಿಂದ ಕೆಲವರು ಮನೆಯ ಸಪ್ಪಳ ಅಳೆದು ತಂದರು. ಆ ಅಂಕಿಗಳನ್ನು ನಾನು ಅಳತೆ ಎಂದು ದಾಖಲಿಸಲಿಲ್ಲ. ಮೊಬೈಲಿನ ಮೈಕ್ ಅದಕ್ಕೆಂದು ಮಾಡಿದ್ದಲ್ಲ. ತರಗತಿಗೂ ಮಗ್ಗದ ಕೋಣೆಗೂ ಇರುವ ಅಂತರವನ್ನು ಹೋಲಿಸಲು ಮಾತ್ರ ಬಳಸಿದೆವು.

ಯಾರ ಮನೆ, ಯಾರ ನಾಟಕ

ಈಗ ನಾನು ಅತಿ ಹೆಚ್ಚು ಹೆದರಿದ ಭಾಗ. ನಾಟಕ ಚೆನ್ನಾಗಿತ್ತು. ಮಾರ್ಗದರ್ಶಕ ಶಿಕ್ಷಕರೊಬ್ಬರು ಇದನ್ನು ಶಾಲಾ ಕಾರ್ಯಕ್ರಮದಲ್ಲಿ ಪಾಲಕರ ಮುಂದೆ ಆಡಿಸೋಣ ಎಂದರು. ನನ್ನ ಪಾಠದಾಖಲೆಗೂ ಅದು ಒಳ್ಳೆಯದಿತ್ತು. ಆದರೆ ಅದು ಒಂದು ಮನೆಯ ಮಾತು. ಪಾಲಕರ ಸಾಲಿನಲ್ಲಿ ಆ ತಂದೆ ಕೂತಿದ್ದರೆ? ಅವರಿಗೆ ಮಾತು ತಿಳಿಯದೆ, ಸುತ್ತಲಿನವರು ಮಾತ್ರ ಅವರನ್ನು ತಿರುಗಿ ನೋಡಿದರೆ?

ಹುಡುಗಿಯನ್ನು ಒಬ್ಬಳನ್ನೇ ವರಾಂಡಕ್ಕೆ ಕರೆದು ಕೇಳಿದೆ. ಅಪ್ಪನ ಪಾತ್ರವನ್ನು ಕಾಕಾ ಎಂದು ಬದಲಿಸಬಹುದು, ನಾಟಕವನ್ನು ಓದದೆಯೂ ಇರಬಹುದು, ಅಂಕ ಕಡಿಮೆಯಾಗುವುದಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಪ್ಪ ಅಂತನ ಇರಲ್ರಿ. ಕ್ಲಾಸಿನಾಗ ಓದೂಣು. ಹೊರಗ ಬ್ಯಾಡ. ನಾ ಮಗಳ ಪಾತ್ರ ಓದಂಗಿಲ್ಲ” ಎಂದಳು. ಹಾಗೆಯೇ ಮಾಡಿದೆವು. ಕಾರ್ಯಕ್ರಮದಲ್ಲಿ ಗಂಟೆಯ ನಾಟಕ ಆಡಿದರು.

ಓದಿದ ದಿನ “ನೀ ಯಾಕ ಸಣ್ಣ ದನಿಲೇ ಮಾತಾಡಾಕತ್ತಿ” ಎಂಬ ಮಾತು ಬಂದಾಗ ಯಾರೂ ನಗಲಿಲ್ಲ. ಮುಗಿದ ಮೇಲೆ ಹಾಸ್ಯದ ಗುಂಪು ತಮ್ಮ ನಾಟಕವನ್ನು ಮತ್ತೆ ಬರೆಯಲು ಕೇಳಿತು. ಅವರು ಶಾಲಿ-ಲಾಳಿಯನ್ನು ತೆಗೆಯಲಿಲ್ಲ. ಅಜ್ಜನಿಗೆ ಒಂದು ಮಾತು ಸೇರಿಸಿದರು: “ನಗೂದಾದ್ರ ನಗ್ರಿ. ಆದ್ರ ನನ್ನ ಕಡೆ ಮಾರಿ ಮಾಡಿ ಮಾತಾಡ್ರಿ, ತುಟಿ ನೋಡಿದ್ರ ನನಗ ತಿಳೀತೈತಿ.” ಕಿವಿ ಮಂದವಾದವರೊಡನೆ ಎದುರು ನಿಂತು, ಮುಖ ಕಾಣುವಂತೆ, ಕಿರುಚದೆ, ನಿಧಾನವಾಗಿ ಮಾತಾಡಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಕಲಿಸಲಾರೆ.

ಮೌಲ್ಯಮಾಪನ ಮತ್ತು ತೊಡಕುಗಳು

ಇದನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಪರಿಗಣಿಸಿ ನಾಲ್ಕು ಅಂಶಗಳನ್ನು ನೋಡಿದೆ: ವಿಜ್ಞಾನದ ನಿಖರತೆ, ತಪ್ಪು ತಿಳಿದ ಪಾತ್ರಕ್ಕೆ ಕೊಟ್ಟ ಕಾರಣ, ಮೊದಲ ಪ್ರತಿಗೂ ಕೊನೆಯ ಪ್ರತಿಗೂ ಆದ ತಿದ್ದುಪಡಿ, ಗುಂಪಿನಲ್ಲಿ ಪ್ರತಿಯೊಬ್ಬರ ಪಾಲು. ಕಾಗುಣಿತಕ್ಕೆ ಅಂಕ ಕಳೆಯಲಿಲ್ಲ. ಗುಂಪಿನ ಅಂಕದ ಜೊತೆಗೆ ಪ್ರತಿ ಮಗುವಿಗೂ ಒಂದು ಹೊಸ ಸನ್ನಿವೇಶದ ಪ್ರಶ್ನೆ ಕೊಟ್ಟೆ. ನಾಟಕ ಗುಂಪಿನದು, ತಿಳಿವಳಿಕೆ ಒಬ್ಬೊಬ್ಬರದು. ಇದನ್ನು ಬಿಡಬಾರದು.

ತೊಡಕುಗಳೂ ಇದ್ದವು. ನಾಲ್ಕು ಅವಧಿ ಎಂದುಕೊಂಡದ್ದು ಐದಾಯಿತು, ಮುಂದಿನ ಪಾಠ ಹಿಂದೆ ಬಿತ್ತು. ಎರಡು ಗುಂಪುಗಳಲ್ಲಿ ಒಬ್ಬರೇ ಬರೆದು ಉಳಿದವರು ನೋಡುತ್ತ ಕೂತರು. ಬರೆಯಲು ಹಿಂಜರಿಯುವ ಮಗು ಮಾತು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ ಎಂದು ಮಾಡಿದ ಮೇಲೆ ಸುಧಾರಿಸಿತು. ಮನೆಯಲ್ಲಿ ಉರ್ದು, ಮರಾಠಿ ಆಡುವ ಮಕ್ಕಳು ತಮ್ಮ ಮಾತಿನ ಸಾಲುಗಳನ್ನು ಸೇರಿಸಿದರು. ಅದನ್ನು ತಿದ್ದಬೇಕೋ ಬೇಡವೋ ಎಂದು ನನಗೆ ಗೊಂದಲವಾಯಿತು, ಕೊನೆಗೆ ಹಾಗೆಯೇ ಬಿಟ್ಟೆ. ಒಂದು ಗುಂಪು ಹಳೆಯ ಗೈಡಿನಿಂದ ನಾಟಕವನ್ನೇ ನಕಲು ಮಾಡಿತ್ತು. ಭಾಗವತನ ಎರಡನೆಯ ಪ್ರಶ್ನೆಗೇ ಅದು ಸಿಕ್ಕಿಬಿತ್ತು.

ಸಹಪಾಠಿಗಳಿಗೆ ನಾಲ್ಕು ಮಾತು

ನಾಟಕವನ್ನು ನೀವು ಬರೆದು ಕೊಡಬೇಡಿ. ಬರೆದು ಕೊಟ್ಟರೆ ಯೋಚಿಸುವ ಭಾಗವನ್ನು ನೀವೇ ಮುಗಿಸಿರುತ್ತೀರಿ, ಮಕ್ಕಳಿಗೆ ಉಳಿಯುವುದು ಒಪ್ಪಿಸುವ ಭಾಗ.

ತಪ್ಪು ತಿಳಿದ ಪಾತ್ರಕ್ಕೆ ಗೌರವ ಕೊಡಿಸಿ. ಅದು ಯಾಕೆ ಹಾಗೆ ತಿಳಿದಿದೆ ಎಂದು ಬರೆಯುವಾಗ ಮಗು ತನ್ನದೇ ತಪ್ಪು ತಿಳಿವಳಿಕೆಯನ್ನು ಹೊರಗಿಟ್ಟು ನೋಡುತ್ತದೆ.

ಎಲ್ಲಿ ಬರಹ ನಿಲ್ಲುತ್ತದೋ ಅಲ್ಲಿಗೆ ಹೋಗಿ ಕೂರಿ. ಖಾಲಿ ಉಳಿದ ಅರ್ಧ ಪುಟ ಸೋಮಾರಿತನದ್ದೂ ಆಗಿರಬಹುದು, ಒಳ್ಳೆಯ ಪ್ರಶ್ನೆಯದೂ ಆಗಿರಬಹುದು. ಕೇಳದೆ ಗೊತ್ತಾಗುವುದಿಲ್ಲ.

ಮಕ್ಕಳು ಮನೆಯನ್ನು ತರಗತಿಗೆ ತಂದಾಗ, ಅದನ್ನು ರಂಗಕ್ಕೆ ಏರಿಸುವ ಮೊದಲು ಆ ಮಗುವನ್ನು ಒಬ್ಬಂಟಿಯಾಗಿ ಕೇಳಿ. ಬೇಡ ಎನ್ನಲು ದಾರಿ ಇಟ್ಟು ಕೇಳಿ.

ನನ್ನ ಅಭ್ಯಾಸ ಬೋಧನೆಯ ಕೊನೆಯ ವಾರ ಪಾಲಕರ ಸಭೆ ನಡೆಯಿತು. ಆ ಹುಡುಗಿಯ ತಂದೆ ಬಂದಿದ್ದರು. ಸಾಮಾನ್ಯವಾಗಿ ನಾವು ಪ್ರಶಿಕ್ಷಣಾರ್ಥಿಗಳು ಗೋಡೆಯ ಬದಿ ನಿಂತು ದೂರದಿಂದ ಮಾತಾಡಿಸುತ್ತೇವೆ. ನಾನು ಕುರ್ಚಿ ಎಳೆದು ಅವರ ಎದುರಿಗೆ, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕೂತು ನಿಧಾನವಾಗಿ ಹೇಳಿದೆ: “ನಿಮ್ಮ ಮಗಳು ವಿಜ್ಞಾನದಾಗ ಭಾಳ ಚಲೋ ಪ್ರಶ್ನೆ ಕೇಳ್ತಾಳ್ರಿ.” ಅವರು ನನ್ನ ತುಟಿ ನೋಡುತ್ತಿದ್ದರು. “ಹೌದ್ರಿ?” ಎಂದು ಮಗಳ ಕಡೆ ತಿರುಗಿದರು. ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆಂದು ಒಂದು ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಟ್ಟಿದ್ದೆ. ಅವಳು ಅದನ್ನು ಅವರ ಅಂಗಿಯ ಕಿಸೆಯಲ್ಲಿ ಇಟ್ಟಳು.